ಎರಡು ಪೆನ್ನು, ಎರಡೂ ‘ವಾಟರ್ ಬೇಸ್ಡ್’: ಕಾರವಾರದ ಗಾಳಿಯಲ್ಲಿ ಮಾರ್ಕರ್ ಚಿತ್ರ

ಕಾರವಾರದ ಸ್ಟೇಶನರಿ ಅಂಗಡಿಗಳಲ್ಲಿ ಈಗ ಎರಡು ಬಗೆಯ ಬಣ್ಣದ ಪೆನ್ನು ಪಕ್ಕಪಕ್ಕ ನೇತಾಡುತ್ತಿರುತ್ತವೆ. ಒಂದು ನಾವೆಲ್ಲ ಶಾಲೆಯಲ್ಲಿ ಬಳಸಿದ ಸ್ಕೆಚ್ ಪೆನ್, ಅಥವಾ ಅದೇ ಜಾತಿಯ, ತುದಿ ಕುಂಚದ ಹಾಗೆ ಬಾಗುವ ಬ್ರಷ್ ಪೆನ್. ಇನ್ನೊಂದು ಅಲ್ಲಾಡಿಸಿದರೆ ಒಳಗೆ ಕಟಕಟ ಅನ್ನುವ ಅಕ್ರಿಲಿಕ್ ಮಾರ್ಕರ್. ಎರಡರ ಮೇಲೂ ‘ವಾಟರ್ ಬೇಸ್ಡ್’ ಅಂತ ಬರೆದಿರುತ್ತದೆ. ಮೊನ್ನೆ ಮಗಳ ಕೈ ಹಿಡಿದುಕೊಂಡು ಬಂದಿದ್ದ ಒಬ್ಬರು ಕೇಳುತ್ತಿದ್ದರು: “ಅಣ್ಣಾ, ಇದು ಯುನಿಫಾರ್ಮಿಗೆ ಹಿಡಿದ್ರೆ ಹೋಗ್ತದಾ?” ಅಂಗಡಿಯವರು ಎರಡನ್ನೂ ಮುಂದಿಟ್ಟು, “ಹೋಗ್ತದೆ ಅಕ್ಕಾ, ನೀರಿನದೇ ಅಲ್ವಾ” ಅಂದರು.

ಅರ್ಧ ಮಾತ್ರ ನಿಜ. ಸ್ಕೆಚ್ ಪೆನ್ನಿನ ಕಲೆ ಸಾಮಾನ್ಯವಾಗಿ ಎರಡು ಮೂರು ಒಗೆತಕ್ಕೆ ಹೋಗುತ್ತದೆ. ಅಕ್ರಿಲಿಕ್ ಒಮ್ಮೆ ಆರಿತು ಅಂದರೆ ಯುನಿಫಾರ್ಮ್ ಹರಿದರೂ ಕಲೆ ಹೋಗೋದಿಲ್ಲ.

ಈ ಎರಡೂ ಪೆನ್ನಿನಲ್ಲಿ ನಾನು ಚಿತ್ರ ಬರೆಯುತ್ತೇನೆ. ಬೈತಖೋಲ್ ಬಂದರಿನ ಬೋಟುಗಳು, ಕಾಳಿ ನದಿ ಸಮುದ್ರ ಸೇರುವ ಜಾಗ, ಘಟ್ಟದ ಮೇಲೆ ಹೋದರೆ ಶಿರಸಿ ಕಡೆಯ ಅಡಿಕೆ ತೋಟ. ನೋಡಿದವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ನಮ್ಮದು ಗೆರೆಗೆರೆ ಬರುತ್ತದಲ್ಲ, ಯಾಕೆ? ಕಾಗದ ಜುಂಗು ಏಳುವುದು ಯಾಕೆ? ವರ್ಷದೊಳಗೆ ಚಿತ್ರ ಮಾಸಿತಲ್ಲ, ಯಾಕೆ? ಎಲ್ಲದಕ್ಕೂ ಉತ್ತರ ಒಂದೇ ಕಡೆ ಇದೆ. ಪೆನ್ನಿನಲ್ಲಿ ನೀರಿದೆ ಅನ್ನೋದು ದೊಡ್ಡ ಸಂಗತಿಯಲ್ಲ. ಆ ನೀರು ಆರಿದ ಮೇಲೆ ಕಾಗದದಲ್ಲಿ ಏನು ಉಳಿಯುತ್ತದೆ, ಎಲ್ಲಿ ಉಳಿಯುತ್ತದೆ, ಆರುವುದಕ್ಕೆ ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಅನ್ನೋದೇ ಮುಖ್ಯ. ನೀರು ಇಲ್ಲಿ ಬರೀ ಬಸ್ಸು. ಕುಮಟಾದಲ್ಲಿ ಹತ್ತಿದವರನ್ನು ಶಿರಸಿಯಲ್ಲಿ ಇಳಿಸಿ ತನ್ನ ಪಾಡಿಗೆ ಹೋಗುತ್ತದೆ. ಇಳಿದವರು ಯಾರು ಅಂತ ಬಸ್ಸಿನ ಬೋರ್ಡ್ ಓದಿದರೆ ಗೊತ್ತಾಗೋದಿಲ್ಲ.

ಪೆನ್ನು ಬಿಚ್ಚಿ ನೋಡಿದರೆ

ಹಳೇ ಸ್ಕೆಚ್ ಪೆನ್ ಒಂದರ ಹಿಂಬದಿಯ ಬಿರಡೆ ಕಿತ್ತು ನೋಡಿ. ಒಳಗೆ ತೆಳು ಪ್ಲಾಸ್ಟಿಕ್ ಸುತ್ತಿದ ಉದ್ದನೆಯ ಬತ್ತಿ ಸಿಗುತ್ತದೆ. ಅದು ಪಾಲಿಯೆಸ್ಟರ್ ನಾರು. ಇಂಕು ಟ್ಯಾಂಕಿನಲ್ಲಿ ಕುಲುಕುತ್ತಾ ಇರುವುದಿಲ್ಲ, ಈ ನಾರಿನ ಸಂದುಗಳಲ್ಲಿ ಹಿಡಿದುಕೊಂಡು ಕೂತಿರುತ್ತದೆ. ನಿಬ್ ಕೂಡ ನಾರೇ. ಆದರೆ ಅದನ್ನು ಒತ್ತಿ ಗಟ್ಟಿ ಮಾಡಿರುತ್ತಾರೆ, ಹಾಗಾಗಿ ಅದರ ಸಂದುಗಳು ಬತ್ತಿಯವಕ್ಕಿಂತ ಸಣ್ಣ. ಸಂದು ಸಣ್ಣದಾದಷ್ಟೂ ಅದು ನೀರನ್ನು ಎಳೆಯುವುದು ಜಾಸ್ತಿ. ಬತ್ತಿಯಿಂದ ನಿಬ್ಬಿಗೆ, ನಿಬ್ಬಿನಿಂದ ಕಾಗದಕ್ಕೆ ಇಂಕು ಹೀಗೆ ತಾನಾಗಿ ಸಾಗುತ್ತದೆ. ಯಾರೂ ಅದನ್ನು ತಳ್ಳುವುದಿಲ್ಲ, ಮುಂದಿನ ಸಂದು ಎಳೆಯುತ್ತದೆ.

ಇದು ಗೊತ್ತಾದರೆ ಎರಡು ಅಭ್ಯಾಸ ಬಿಟ್ಟುಹೋಗುತ್ತವೆ. ಒಂದು, ಪೆನ್ನನ್ನು ಒತ್ತುವುದು. ಒತ್ತಿದರೆ ಬಣ್ಣ ಗಾಢವಾಗೋದಿಲ್ಲ, ನಿಬ್ ಚಪ್ಪಟೆಯಾಗುತ್ತದೆ. ಇನ್ನೊಂದು, ಯೋಚನೆ ಮಾಡುತ್ತಾ ನಿಬ್ಬನ್ನು ಕಾಗದದ ಮೇಲೆ ಇಟ್ಟುಕೊಂಡೇ ಕೂರುವುದು. ನೀವು ಯೋಚಿಸುತ್ತಿದ್ದರೂ ಕಾಗದ ಎಳೆಯುತ್ತಲೇ ಇರುತ್ತದೆ. ಕೈ ಎತ್ತುವಷ್ಟರಲ್ಲಿ ಅಲ್ಲೊಂದು ಗುಂಡು ಕಲೆ ಬಿದ್ದಿರುತ್ತದೆ.

ನಾರಿನಲ್ಲಿ ನೀರುಬಣ್ಣ ಹಿಡಿಸಿ ಗೆರೆ ಎಳೆಯುವುದು ನಮ್ಮ ಜಿಲ್ಲೆಗೆ ಹೊಸದೇನಲ್ಲ. ಸಿದ್ದಾಪುರ, ಶಿರಸಿ, ಪಕ್ಕದ ಸಾಗರದ ಕಡೆ ದೀವರ ಹೆಣ್ಣುಮಕ್ಕಳು ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುವುದು ಪುಂಡಿ ನಾರಿನ ಕುಂಚದಲ್ಲಿ. ಕೆಂಪಿಗೆ ಕೆಮ್ಮಣ್ಣು, ಬಿಳಿಗೆ ಅಕ್ಕಿ ಹಿಟ್ಟು, ಕಪ್ಪಿಗೆ ಸುಟ್ಟ ಅಕ್ಕಿ, ಹಳದಿಗೆ ಗುರುಗೆ ಕಾಯಿ. ಅಷ್ಟು ಸಪೂರ ಗೆರೆ ಅಷ್ಟು ಉದ್ದ ಎಲ್ಲೂ ಕಡಿಯದೆ ಬರುವುದಕ್ಕೆ ಕೈಯ ಪಳಗು ಮೊದಲನೇ ಕಾರಣ. ಎರಡನೆಯದು, ನಾರಿನ ಎಳೆಗಳ ನಡುವೆ ಹಿಡಿದು ನಿಲ್ಲುವ ನೀರು.

ಮೊದಮೊದಲು ಬಂದ ಫೆಲ್ಟ್ ಮಾರ್ಕರುಗಳಲ್ಲಿ ನೀರಿನ ಬದಲು ಮೂಗಿಗೆ ಹೊಡೆಯುವ ದ್ರಾವಕ ಇರುತ್ತಿತ್ತು. ಕಾಗದದ ಆಚೆ ಬದಿಗೂ ಬಣ್ಣ ಇಳಿಯುತ್ತಿತ್ತು. ಜಪಾನಿನ ಪೆಂಟೆಲ್ ಕಂಪನಿ 1963ರಲ್ಲಿ ‘ಸೈನ್ ಪೆನ್’ ತಂದಾಗ ನಾರಿನ ನಿಬ್ಬಿಗೆ ನೀರಿನ ಇಂಕು ಜೋಡಿಯಾಯಿತು. ನಮ್ಮ ಹನ್ನೆರಡು ಬಣ್ಣದ ಸ್ಕೆಚ್ ಪೆನ್ ಪ್ಯಾಕೆಟ್ ಅದೇ ವಂಶದ್ದು. ಅಕ್ರಿಲಿಕ್ ಮಾರ್ಕರ್ ಅಂದಕೂಡಲೇ ಜನ ಹೇಳುವ ಹೆಸರು ಪೋಸ್ಕಾ. ಅದು ಬಂದದ್ದು 1983ರಲ್ಲಿ, ಮಿತ್ಸುಬಿಷಿ ಪೆನ್ಸಿಲ್ ಕಂಪನಿಯಿಂದ. (ಕಾರು ಮಾಡುವ ಮಿತ್ಸುಬಿಷಿಗೂ ಇದಕ್ಕೂ ಸಂಬಂಧ ಇಲ್ಲ. ಹೆಸರೂ ಒಂದೇ, ಮೂರು ವಜ್ರದ ಗುರುತೂ ಒಂದೇ, ಕಂಪನಿ ಮಾತ್ರ ಬೇರೆ.)

ಅಕ್ರಿಲಿಕ್ ಪೆನ್ನಿನಲ್ಲಿ ಬತ್ತಿ ಇರುವುದಿಲ್ಲ. ದ್ರವ ಟ್ಯಾಂಕಿನಲ್ಲೇ ಇರುತ್ತದೆ, ಜತೆಗೆ ಒಂದು ಗುಂಡು. ನಿಬ್ಬನ್ನು ಒತ್ತಿದರೆ ಒಳಗಿನ ಒಂದು ವಾಲ್ವ್ ತೆರೆದು ಬಣ್ಣ ಇಳಿಯುತ್ತದೆ. ಇದರಲ್ಲಿರುವ ಬಣ್ಣ ಕರಗಿದ್ದಲ್ಲ, ಪುಡಿ. ನಿಂತರೆ ತಳಕ್ಕೆ ಕೂರುತ್ತದೆ. ಎಲ್ಲಕ್ಕಿಂತ ಬೇಗ ಕೂರುವುದು ಬಿಳಿ. ಬಿಳಿಗೆ ಹಾಕುವ ಟೈಟಾನಿಯಂ ಡೈಆಕ್ಸೈಡ್ ನೀರಿಗಿಂತ ಸುಮಾರು ನಾಲ್ಕು ಪಟ್ಟು ಭಾರ. ಹಾಗಾಗಿ ಬಿಳಿ ಪೆನ್ನನ್ನು ಉಳಿದವಕ್ಕಿಂತ ಜಾಸ್ತಿ ಕುಲುಕಬೇಕು, ಕ್ಯಾಪ್ ಹಾಕಿಕೊಂಡೇ ಕುಲುಕಬೇಕು. ನಿಬ್ಬನ್ನು ಒತ್ತಿ ಬಣ್ಣ ಇಳಿಸುವ ಕೆಲಸ ಬೇರೆ ರದ್ದಿ ಕಾಗದದ ಮೇಲೆ. ಚಿತ್ರದ ಮೇಲೇ ಪಂಪ್ ಮಾಡಿದರೆ ಒಂದು ದೊಡ್ಡ ಹನಿ ಧೊಪ್ಪಂತ ಬೀಳುತ್ತದೆ.

ಕರಗಿದ ಬಣ್ಣ, ಕರಗದ ಬಣ್ಣ

ಸ್ಕೆಚ್ ಪೆನ್ನಿನಲ್ಲಿ ಇರುವುದು ಡೈ. ಅದು ನೀರಿನಲ್ಲಿ ಪೂರ್ತಿ ಕರಗಿರುತ್ತದೆ. ನೀರು ಕಾಗದದ ನಾರಿನೊಳಗೆ ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೆ ತಾನೂ ಹೋಗುತ್ತದೆ. ನೀರು ಆರಿದ ಮೇಲೆ ಅಲ್ಲೇ ನಾರಿಗೆ ಮೆತ್ತಿಕೊಳ್ಳುತ್ತದೆ. ಮತ್ತೆ ನೀರು ಬಂದರೆ ಮತ್ತೆ ಕರಗಿ ಹೊರಡುತ್ತದೆ.

ಅಕ್ರಿಲಿಕ್ ಮಾರ್ಕರಿನಲ್ಲಿ ಇರುವುದು ಪಿಗ್ಮೆಂಟ್, ಅಂದರೆ ನುಣ್ಣನೆ ಪುಡಿ. ಅದರ ಜತೆ ಅಕ್ರಿಲಿಕ್ ಅಂಟಿನ ಕಣ್ಣಿಗೆ ಕಾಣದಷ್ಟು ಚಿಕ್ಕ ಹನಿಗಳು ನೀರಿನಲ್ಲಿ ತೇಲುತ್ತಿರುತ್ತವೆ. ನೀರು ಆರುತ್ತಾ ಬಂದ ಹಾಗೆ ಈ ಹನಿಗಳು ಒತ್ತೊತ್ತಾಗಿ, ಕೊನೆಗೆ ಒಂದಕ್ಕೊಂದು ಬೆಸೆದುಕೊಂಡು ತೆಳು ಪ್ಲಾಸ್ಟಿಕ್ ಪದರವಾಗುತ್ತವೆ. ಪುಡಿ ಆ ಪದರದೊಳಗೆ ಸಿಕ್ಕಿಬೀಳುತ್ತದೆ. ಒಮ್ಮೆ ಹೀಗೆ ಬೆಸೆದ ಮೇಲೆ ನೀರು ಸುರಿದರೂ ಬಿಡಿಸಿಕೊಳ್ಳೋದಿಲ್ಲ. ಕಾಗದ, ಬಟ್ಟೆ, ಮರದಂಥ ನೀರು ಹೀರುವ ವಸ್ತುವಿಗೆ ಅದು ಕಚ್ಚಿಕೊಳ್ಳುತ್ತದೆ. ಗಾಜು, ಟೈಲ್ಸಿನಂಥ ನುಣುಪಿನ ಮೇಲೆ ಹಿಡಿತ ಸಿಗೋದಿಲ್ಲ, ಉಗುರಿನಲ್ಲಿ ಕೆರೆದರೆ ಪದರವೇ ಎದ್ದು ಬರುತ್ತದೆ. ಸಮುದ್ರದ ದಂಡೆಯ ಚಿಪ್ಪಿನ ಮೇಲೆ ಬರೆಯುವವರು ಮೊದಲು ಅದನ್ನು ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, ನುಣುಪು ಇದ್ದರೆ ಸ್ವಲ್ಪ ಉಜ್ಜು ಕಾಗದ ತಾಗಿಸಿಕೊಳ್ಳುವುದು ಒಳ್ಳೆಯದು.

ನಿಮ್ಮ ಕೈಯಲ್ಲಿರುವ ಪೆನ್ನು ಯಾವ ಜಾತಿ ಅಂತ ನೋಡುವುದು ಸುಲಭ. ಬ್ಲಾಟಿಂಗ್ ಪೇಪರಿನ ಒಂದು ಪಟ್ಟಿ ತೆಗೆದುಕೊಳ್ಳಿ, ಟಿಶ್ಯೂ ಪೇಪರ್ ಆದರೂ ನಡೆಯುತ್ತದೆ. ತುದಿಯಿಂದ ಒಂದು ಬೆರಳು ಮೇಲೆ ಕಪ್ಪು ಸ್ಕೆಚ್ ಪೆನ್ನಿನಲ್ಲಿ ಚುಕ್ಕೆ ಇಡಿ. ತುದಿ ಮಾತ್ರ ನೀರಿಗೆ ತಾಗುವ ಹಾಗೆ ಲೋಟದಲ್ಲಿ ಇಳಿಬಿಡಿ. ನೀರು ಕಾಗದವನ್ನು ಏರುತ್ತಾ ಚುಕ್ಕೆಯನ್ನು ದಾಟುತ್ತದೆ. ಕಪ್ಪು ಒಡೆಯಲು ಶುರುವಾಗುತ್ತದೆ. ಕೆಲವು ಪೆನ್ನಿನಲ್ಲಿ ನೀಲಿ ಮುಂದೆ ಓಡಿ, ನೇರಳೆ ನಡುವೆ ನಿಂತು, ಹಳದಿ ಎಲ್ಲೋ ಅಂಚಿನಲ್ಲಿ ಕಾಣಿಸಿಕೊಳ್ಳುತ್ತದೆ. ಬೇರೆ ಕಂಪನಿಯ ಕಪ್ಪಿನಲ್ಲಿ ಸಾಲು ಬೇರೆ. ಕಪ್ಪು ಅಂತ ನಾವು ಕೊಂಡದ್ದು ಮೂರು ನಾಲ್ಕು ಡೈಗಳ ಬೆರಕೆ. ಯಾವ ಡೈ ನೀರಿನ ಜತೆ ಹೋಗಲು ಇಷ್ಟಪಡುತ್ತದೋ ಅದು ದೂರ, ಯಾವುದು ಕಾಗದಕ್ಕೆ ಅಂಟಿಕೊಳ್ಳುತ್ತದೋ ಅದು ಹತ್ತಿರ. ರಷ್ಯಾದ ಸಸ್ಯವಿಜ್ಞಾನಿ ಮಿಖಾಯಿಲ್ ತ್ಸ್ವೆತ್ ಎಲೆಯ ಬಣ್ಣಗಳನ್ನು ಬೇರ್ಪಡಿಸಲು ಇದೇ ತತ್ವ ಬಳಸಿ, 1906ರಲ್ಲಿ ಅದಕ್ಕೆ ಕ್ರೊಮಟೋಗ್ರಫಿ ಅಂತ ಹೆಸರಿಟ್ಟ. ಅಕ್ರಿಲಿಕ್ ಮಾರ್ಕರಿನ ಆರಿದ ಚುಕ್ಕೆ ಮಾತ್ರ ಇಟ್ಟಲ್ಲೇ ಇರುತ್ತದೆ.

ಇದು ಮಕ್ಕಳ ಪ್ರಯೋಗ ಅಂತ ಬಿಡಬೇಡಿ. ಬೋಟಿನ ನೆರಳಿಗೆ ಕಪ್ಪು ಹಾಕಿ, ಒದ್ದೆ ಬ್ರಷ್ ತಾಗಿಸಿದಾಗ ಸುತ್ತ ನೇರಳೆ ಹರಡಿದರೆ ಅದು ಎಲ್ಲಿಂದ ಬಂತು ಅಂತ ಈಗ ಗೊತ್ತು. ಬೇಕು ಅಂತಲೇ ಹರಡಿಸಬಹುದು. ಸಂಜೆಯ ಸಮುದ್ರದ ನೆರಳಿಗೆ ನನಗೆ ಬೇರೆ ಬಣ್ಣವೇ ಬೇಡ, ಆ ಒಡೆದ ಕಪ್ಪು ಸಾಕು.

ಕಾಗದ, ಮತ್ತೆ ನಮ್ಮ ಗಾಳಿ

ಮಾರ್ಕರ್ ಬಗ್ಗೆ ಎಲ್ಲರೂ ಪೆನ್ನಿನ ಬ್ರಾಂಡ್ ಕೇಳುತ್ತಾರೆ. ಕಾಗದ ಕೇಳುವವರು ಕಡಿಮೆ. ನನ್ನ ಪ್ರಕಾರ ಸಾಧಾರಣ ಪೆನ್ನು ಒಳ್ಳೇ ಕಾಗದದಲ್ಲಿ ಕೊಡುವುದನ್ನು ಒಳ್ಳೇ ಪೆನ್ನು ಕೆಟ್ಟ ಕಾಗದದಲ್ಲಿ ಕೊಡೋದಿಲ್ಲ.

ಕಾಗದ ಅಂದರೆ ಸಸ್ಯದ ನಾರು. ನೀರು ತಾಗಿದರೆ ನಾರು ಉಬ್ಬುತ್ತದೆ. ಅದೂ ಉದ್ದಕ್ಕಲ್ಲ, ಅಡ್ಡಕ್ಕೆ. ಒಂದು ಕಡೆ ಮಾತ್ರ ಒದ್ದೆಯಾದರೆ ಆ ಕಡೆ ಮಾತ್ರ ಉಬ್ಬಿ ಹಾಳೆ ಅಲೆಅಲೆಯಾಗುತ್ತದೆ. ಒದ್ದೆ ನಾರಿನ ಮೇಲೆ ಮತ್ತೆ ಮತ್ತೆ ನಿಬ್ ತಿಕ್ಕಿದರೆ ನಾರುಗಳ ನಡುವಿನ ಹಿಡಿತ ತಪ್ಪಿ ಜುಂಗು ಏಳುತ್ತದೆ. ಆ ಜುಂಗು ನಿಬ್ಬಿಗೆ ಹತ್ತಿಕೊಂಡು ಮುಂದಿನ ಗೆರೆಯನ್ನೂ ಕೆಡಿಸುತ್ತದೆ. ಪ್ರಿಂಟರಿಗೆ ಹಾಕುವ 75 ಜಿಎಸ್‌ಎಂ (ಒಂದು ಚದರ ಮೀಟರಿಗೆ 75 ಗ್ರಾಂ ತೂಗುವ) ಹಾಳೆಯಲ್ಲಿ ಎರಡನೇ ಪದರಕ್ಕೇ ಇದು ಶುರು. ಹತ್ತಿ ನಾರಿನ 300 ಜಿಎಸ್‌ಎಂ ಜಲವರ್ಣದ ಹಾಳೆ ಬಹಳ ಹೊತ್ತು ತಡೆಯುತ್ತದೆ. ಆದರೆ ಅದರ ಮೈ ಒರಟು, ಬ್ರಷ್ ಪೆನ್ನಿನ ತುದಿ ಬೇಗ ಸವೆಯುತ್ತದೆ. ನುಣುಪಾದ, ದಪ್ಪ ಹಾಳೆ ಮಾರ್ಕರಿಗೆ ಹೆಚ್ಚು ಹೊಂದುತ್ತದೆ.

ಒಳ್ಳೇ ಹಾಳೆಗೆ ಸೈಜಿಂಗ್ ಮಾಡಿರುತ್ತಾರೆ, ಅಂದರೆ ನೀರು ಸರ್ರಂತ ಒಳಗೆ ಇಳಿಯದ ಹಾಗೆ ಜೆಲಾಟಿನ್, ಗಂಜಿಯಂಥ ಲೇಪ. ಲೇಪ ಇದ್ದರೆ ಇಂಕು ಸ್ವಲ್ಪ ಹೊತ್ತು ಮೇಲೇ ಒದ್ದೆಯಾಗಿ ನಿಲ್ಲುತ್ತದೆ. ಆ ಸ್ವಲ್ಪ ಹೊತ್ತೇ ನಮ್ಮ ಬಂಡವಾಳ.

ಯಾಕೆ ಅಂದರೆ ಗೆರೆಗೆರೆ ಬರುವುದರ ಗುಟ್ಟು ಅಲ್ಲಿದೆ. ಡೈ ಪಾರದರ್ಶಕ. ಬೆಳಕು ಬಣ್ಣದ ಮೂಲಕ ಹಾದು, ಕಾಗದದ ಬಿಳಿಗೆ ತಾಗಿ, ಮತ್ತೆ ಬಣ್ಣದ ಮೂಲಕವೇ ನಮ್ಮ ಕಣ್ಣಿಗೆ ಬರುತ್ತದೆ. ಮೊದಲ ಗೆರೆ ಆರಿದ ಮೇಲೆ ಅದರ ಅಂಚಿನ ಮೇಲೆ ಎರಡನೇ ಗೆರೆ ಬಿದ್ದರೆ ಅಲ್ಲಿ ಎರಡು ಪದರ. ಬೆಳಕು ಎರಡು ಪದರ ದಾಟಬೇಕು, ಹಾಗಾಗಿ ಗಾಢವಾಗಿ ಕಾಣುತ್ತದೆ. ಮೊದಲ ಗೆರೆ ಇನ್ನೂ ಒದ್ದೆ ಇದ್ದಾಗಲೇ ಎರಡನೆಯದು ಬಂದರೆ ಎರಡೂ ಸೇರಿ ಒಂದೇ ಕೊಳ. ಗಡಿಯೇ ಇಲ್ಲ. ಆಕಾಶದಂಥ ದೊಡ್ಡ ಜಾಗ ತುಂಬುವಾಗ ಅಂಚು ಆರುವ ಮೊದಲೇ ಮುಂದಿನ ಗೆರೆ ಎಳೆಯುತ್ತಾ ಹೋಗಬೇಕು. ನಡುವೆ ಫೋನ್ ಬಂದರೂ ಎತ್ತಬಾರದು.

ಈಗ ನಮ್ಮ ಊರಿನ ಗಾಳಿಯನ್ನು ತನ್ನಿ. ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಜುಲೈಯಲ್ಲಿ ಡ್ರಾಯಿಂಗ್ ಶೀಟ್ ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಪಟಪಟ ಶಬ್ದವೇ ಬರೋದಿಲ್ಲ, ಮೆತ್ತಗೆ ಜೋಲುತ್ತದೆ. ಪೆನ್ನು ತಾಗುವ ಮೊದಲೇ ಹಾಳೆ ಗಾಳಿಯಿಂದ ನೀರು ಕುಡಿದಿರುತ್ತದೆ. ಗೆರೆ ಎಳೆದರೆ ಅಂಚು ಸೂಕ್ಷ್ಮವಾಗಿ ಹರಡುತ್ತದೆ. ಸುತ್ತಲ ಗಾಳಿಯಲ್ಲೇ ತೇವ ತುಂಬಿರುವುದರಿಂದ ಇಂಕಿನ ನೀರು ಹಾರಿಹೋಗಲು ಜಾಗವೇ ಇಲ್ಲ.

ಇದು ತೊಂದರೆ ಅಂತ ಎಲ್ಲರೂ ಹೇಳುತ್ತಾರೆ. ನಾನು ಪೂರ್ತಿ ಒಪ್ಪೋದಿಲ್ಲ. ಸ್ಕೆಚ್ ಪೆನ್, ಬ್ರಷ್ ಪೆನ್ನಿನಲ್ಲಿ ದೊಡ್ಡ ಆಕಾಶ ಮಾಡಲು ಮಳೆಗಾಲದಷ್ಟು ಒಳ್ಳೇ ಕಾಲ ಇನ್ನೊಂದಿಲ್ಲ. ಅಂಚು ಬೇಗ ಆರೋದಿಲ್ಲ, ಆತುರ ಇಲ್ಲ. ಡಿಸೆಂಬರ್, ಜನವರಿಯ ಬೆಳಿಗ್ಗೆ ಘಟ್ಟದ ಕಡೆಯಿಂದ ಒಣಗಾಳಿ ಬೀಸುವಾಗ ಅದೇ ಪೆನ್ನು ಅದೇ ಹಾಳೆಯಲ್ಲಿ ಪಟ್ಟೆಪಟ್ಟೆಯಾಗುತ್ತದೆ. ಗಟ್ಟಿ ಅಂಚಿನ ಚಿತ್ರ ಬೇಕಾದರೆ ಆಗ ಬರೆಯಬೇಕು.

ಮಳೆಗಾಲ ನಿಜಕ್ಕೂ ಕಾಡುವುದು ಅಕ್ರಿಲಿಕ್ ಮಾರ್ಕರಿಗೆ. ಮೇಲೆ ಮುಟ್ಟಿದರೆ ಆರಿದ ಹಾಗೆ ಇರುತ್ತದೆ, ಒಳಗೆ ಅಂಟಿನ ಹನಿಗಳು ಇನ್ನೂ ಬೆಸೆದಿರೋದಿಲ್ಲ. ಅವಸರದಲ್ಲಿ ಎರಡನೇ ಬಣ್ಣ ಹಾಕಿದರೆ ನಿಬ್ಬು ಕೆಳಗಿನ ಪದರವನ್ನು ಕೆರೆದು ಎಬ್ಬಿಸುತ್ತದೆ. ಎದ್ದ ಚೂರು ನಿಬ್ಬಿನಲ್ಲಿ ಸಿಕ್ಕಿಕೊಂಡು ಅಲ್ಲೇ ಗಟ್ಟಿಯಾಗುತ್ತದೆ. ಫ್ಯಾನಿನ ಕೆಳಗೆ ಇಟ್ಟು, ಒಂದು ಚಹಾ ಕುಡಿದು ಬಂದು ಮುಂದಿನ ಪದರ ಹಾಕಿ.

ದಂಡೆಯ ಮೇಲೆ ಕೂತು ಬರೆಯುವವರಿಗೆ ಇನ್ನೊಂದು ಸಂಗತಿ ಇದೆ, ಉಪ್ಪು. ಅಲೆ ಒಡೆದಾಗ ಹಾರುವ ಸಣ್ಣ ಹನಿಗಳು ಹಾಳೆಯ ಮೇಲೆ ಕೂತು ಆರುತ್ತವೆ, ನೀರು ಹೋಗಿ ಉಪ್ಪು ಉಳಿಯುತ್ತದೆ. ಗಾಳಿಯ ತೇವ ಶೇ 75ರ ಆಸುಪಾಸು ದಾಟಿದರೆ ಉಪ್ಪು ಆ ತೇವವನ್ನು ಎಳೆದುಕೊಂಡು ತಾನೇ ನೀರಾಗುತ್ತದೆ. ಜೂನಿನಲ್ಲಿ ನಮ್ಮ ಅಡುಗೆಮನೆಯ ಉಪ್ಪಿನ ಭರಣಿ ನೀರೊಡೆಯುವುದು ಇದಕ್ಕೇ. ಫೆಬ್ರವರಿಯಲ್ಲಿ ಕಾರವಾರದ ಟಾಗೋರ್ ಬೀಚಿನಲ್ಲಿ ಮುಗಿಸಿದ ಡೈ ಚಿತ್ರ ಮಳೆಗಾಲದಲ್ಲಿ ತೆಗೆದು ನೋಡಿದಾಗ ಅಲ್ಲಲ್ಲಿ ಚುಕ್ಕೆ ಕಂಡರೆ ಆಶ್ಚರ್ಯ ಇಲ್ಲ. ಅಲೆಯ ತೀರಾ ಹತ್ತಿರ ಕೂರದೆ, ಸ್ವಲ್ಪ ಹಿಂದೆ ಗಾಳಿಮರದ ಕೆಳಗೆ ಕೂತರೆ ಇದು ಬಹಳ ಕಡಿಮೆಯಾಗುತ್ತದೆ.

ಬೈತಖೋಲಿನಲ್ಲಿ ಬಿಳಿ ಎಲ್ಲಿಂದ ತರುವುದು?

ಎರಡು ಪೆನ್ನಿನ ವ್ಯತ್ಯಾಸ ಕೈಗೆ ಹತ್ತುವುದು ಬಿಳಿಯ ಹತ್ತಿರ ಬಂದಾಗ.

ಬಂದರಿನಲ್ಲಿ ಬೆಳಿಗ್ಗೆ ಬೋಟುಗಳು ಒಂದಕ್ಕೊಂದು ತಾಗಿ ನಿಂತಿರುತ್ತವೆ. ನೀಲಿ ಹಲಗೆ, ಕಿತ್ತಳೆ ಪಟ್ಟಿ, ಹಸಿರು ಬಲೆಯ ರಾಶಿ, ಅದರ ಮೇಲೆ ಬೆಳ್ಳಕ್ಕಿ. ಬ್ರಷ್ ಪೆನ್ನಿನಲ್ಲಿ ಬರೆಯುವುದಾದರೆ ಬೆಳ್ಳಕ್ಕಿಗೆ ಬಣ್ಣವೇ ಇಲ್ಲ. ಡೈಯಲ್ಲಿ ಬಿಳಿ ಅನ್ನೋದು ಇರುವುದಿಲ್ಲ, ಕಾಗದವೇ ಬಿಳಿ. ಹಾಗಾಗಿ ಮೊದಲ ಗೆರೆ ಎಳೆಯುವ ಮೊದಲೇ ಬೆಳ್ಳಕ್ಕಿ ಎಲ್ಲಿ ಕೂತಿದೆ, ನೀರಿನ ಮೇಲೆ ಹೊಳಪು ಎಲ್ಲಿ ಬಿದ್ದಿದೆ ಅಂತ ನೋಡಿ ಆ ಜಾಗ ಬಿಟ್ಟುಕೊಳ್ಳಬೇಕು. ಆಮೇಲೆ ತೀರಾ ತೆಳು ಬೂದು, ತೆಳು ನೀಲಿ, ಹೀಗೆ ತಿಳಿಯಿಂದ ಗಾಢದ ಕಡೆಗೆ. ಹಿಂದಕ್ಕೆ ಬರುವ ದಾರಿ ಇಲ್ಲ. ಬೆಳ್ಳಕ್ಕಿ ಹಾರಿಹೋದರೂ ಅದರ ಜಾಗ ಹಾಗೇ ಇರಬೇಕು.

ಅಕ್ರಿಲಿಕ್ ಮಾರ್ಕರಿನಲ್ಲಿ ಇದು ಪೂರ್ತಿ ಉಲ್ಟಾ. ಪಿಗ್ಮೆಂಟಿನ ಪುಡಿ ಬೆಳಕನ್ನು ಕೆಳಗೆ ಹೋಗಲು ಬಿಡದೆ ಅಲ್ಲೇ ಚೆದುರಿಸಿ ವಾಪಸ್ ಕಳಿಸುತ್ತದೆ. ಟೈಟಾನಿಯಂ ಬಿಳಿ ಇದರಲ್ಲಿ ಗಟ್ಟಿಗ. ಅದರ ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಅನ್ನುವ ಅಳತೆ, ಸುಮಾರು 2.7, ಸುತ್ತಲಿನ ಅಕ್ರಿಲಿಕ್ ಅಂಟಿನದು ಸುಮಾರು 1.5. ಈ ಅಂತರ ದೊಡ್ಡದಾದಷ್ಟೂ ಬೆಳಕು ಚೆದುರುವುದು ಜಾಸ್ತಿ, ಕೆಳಗಿನದು ಕಾಣುವುದು ಕಡಿಮೆ. ಹಾಗಾಗಿ ಮೊದಲು ಗಾಢ ನೀರು, ಗಾಢ ಬೋಟು ಎಲ್ಲ ತುಂಬಿಸಿ, ಆರಿಸಿ, ಕಟ್ಟಕಡೆಗೆ ಬೆಳ್ಳಕ್ಕಿಯನ್ನು ತಂದು ಕೂರಿಸಬಹುದು. ಕಪ್ಪು ಹಾಳೆಯಲ್ಲೇ ಶುರುಮಾಡಿ, ರಾತ್ರಿ ದೂರದಲ್ಲಿ ಮೀನು ಹಿಡಿಯುವ ಬೋಟುಗಳ ದೀಪ ಮಾತ್ರ ಇಡುತ್ತಾ ಹೋದರೆ ಅರ್ಧ ಗಂಟೆಯಲ್ಲಿ ಚಿತ್ರ ಮುಗಿಯುತ್ತದೆ. ಡೈ ಪೆನ್ನಿಗೆ ಕಪ್ಪು ಹಾಳೆಯಲ್ಲಿ ಕೆಲಸವೇ ಇಲ್ಲ.

ಹಾಗಾದರೆ ಅಡಿಗೆ ಬ್ರಷ್ ಪೆನ್, ಮೇಲೆ ಅಕ್ರಿಲಿಕ್ ಬಿಳಿ ಹಾಕಿದರೆ ಎರಡರ ಲಾಭವೂ ಸಿಗುತ್ತದಲ್ಲ? ಸಿಗುತ್ತದೆ, ಒಂದು ತಕರಾರಿನ ಜತೆ. ಅಕ್ರಿಲಿಕ್ ಪೆನ್ನಿನಲ್ಲೂ ನೀರಿದೆ. ಆ ನೀರು ಕೆಳಗಿನ ಡೈಯನ್ನು ಮತ್ತೆ ಕರಗಿಸುತ್ತದೆ. ಕೆಂಪು ಬೋಟಿನ ಮೇಲೆ ಎಳೆದ ಬಿಳಿ ಹಗ್ಗ ನೋಡುನೋಡುತ್ತಲೇ ಗುಲಾಬಿಯಾಗುತ್ತದೆ. ಮೊದಲ ಬಿಳಿ ಪೂರ್ತಿ ಆರಲು ಬಿಟ್ಟು ಅದರ ಮೇಲೆ ಇನ್ನೊಂದು ಸಲ ಎಳೆದರೆ ಬಹುಪಾಲು ಸರಿಹೋಗುತ್ತದೆ, ಯಾಕಂದರೆ ಈಗ ನಡುವೆ ಒಂದು ಪ್ಲಾಸ್ಟಿಕ್ ಪದರ ಇದೆ.

ಬಣ್ಣ ಬೆರೆಸುವುದರಲ್ಲಿ ಮಾತ್ರ ಡೈ ಪೆನ್ನಿನ ಕೈ ಮೇಲು. ಶಿರಸಿಯ ತೋಟದಲ್ಲಿ ನಿಂತರೆ ಅಡಿಕೆ ಸೋಗೆ ಒಂದು ಹಸಿರು, ಬಾಳೆ ಒಂದು, ಮೆಣಸಿನ ಬಳ್ಳಿ ಇನ್ನೊಂದು, ಕಾಲುವೆಯ ಹಾವಸೆ ಮತ್ತೊಂದು. ಪ್ಯಾಕೆಟ್ಟಿನಲ್ಲಿ ಹಸಿರು ಇರುವುದು ಒಂದೋ ಎರಡೋ. ಹಳದಿಯ ಮೇಲೆ ನೀಲಿ ಎಳೆಯಿರಿ. ಹಳದಿ ಪದರ ಬೆಳಕಿನ ನೀಲಿ ಭಾಗವನ್ನು ನುಂಗುತ್ತದೆ, ನೀಲಿ ಪದರ ಕೆಂಪನ್ನು ನುಂಗುತ್ತದೆ, ಎರಡನ್ನೂ ದಾಟಿ ಉಳಿಯುವುದು ಹಸಿರು. ಹಳದಿ ಎರಡು ಪದರ, ನೀಲಿ ಒಂದು ಅಂದರೆ ಬಾಳೆ ಎಲೆ. ಅದಕ್ಕೆ ಕಂದು ತಾಗಿಸಿದರೆ ಹಾವಸೆ. ಅಕ್ರಿಲಿಕ್ಕಿನಲ್ಲಿ ಹಳದಿಯ ಮೇಲೆ ನೀಲಿ ಎಳೆದರೆ ನೀಲಿಯೇ ಕಾಣುತ್ತದೆ. ಅಷ್ಟೂ ಶೇಡಿನ ಪೆನ್ನು ಕೊಳ್ಳಬೇಕು, ಇಲ್ಲವೇ ಒದ್ದೆಯಿದ್ದಾಗಲೇ ಬೆರಸಬೇಕು. ನೂರು ಪೆನ್ನಿನ ಡೈ ಸೆಟ್ ಕೊಳ್ಳುವವರನ್ನು ಕಂಡರೆ ನನಗೆ ಸಂಕಟ. ಹತ್ತು ಹನ್ನೆರಡು ಸಾಕು, ಅದರಲ್ಲಿ ಎರಡು ತೆಳು ಬೂದು ಇರಲೇಬೇಕು.

ಮೇಲೆ ಎಳೆಯುವಾಗ ಗಾಢ ಬಣ್ಣದ ಮೇಲೆ ತಿಳಿ ಪೆನ್ನನ್ನು ಓಡಿಸಿದರೆ ನಿಬ್ಬು ಕೆಳಗಿನ ಬಣ್ಣವನ್ನು ಕುಡಿಯುತ್ತದೆ, ಹಳದಿ ನಿಬ್ಬು ಹಸಿರಾಗುತ್ತದೆ. ಗಾಬರಿ ಬೇಡ. ರದ್ದಿ ಹಾಳೆಯ ಮೇಲೆ ಗೀಚುತ್ತಾ ಹೋದರೆ ಒಳಗಿಂದ ಹೊಸ ಹಳದಿ ಬಂದು ತೊಳೆಯುತ್ತದೆ. ಇದೇ ಗುಣವನ್ನು ಬೇಕಂತಲೂ ಬಳಸಬಹುದು. ಹಳದಿ ಬ್ರಷ್ ಪೆನ್ನಿನ ತುದಿಗೆ ಕಿತ್ತಳೆ ಪೆನ್ನಿನ ತುದಿ ತಾಗಿಸಿ, ಕೂಡಲೇ ಗೆರೆ ಎಳೆಯಿರಿ. ಕಿತ್ತಳೆಯಲ್ಲಿ ಶುರುವಾದ ಗೆರೆ ತಾನೇ ತಿಳಿಯಾಗುತ್ತಾ ಹಳದಿಗೆ ಬಂದು ನಿಲ್ಲುತ್ತದೆ. ಸೂರ್ಯಾಸ್ತಕ್ಕೆ ಇದಕ್ಕಿಂತ ಸುಲಭದ ದಾರಿ ಇಲ್ಲ.

ಇನ್ನೂ ಜಲವರ್ಣದ ಹಾಗೆ ಬೇಕಾದರೆ ಪೆನ್ನನ್ನು ಕಾಗದಕ್ಕೆ ತಾಗಿಸಲೇಬೇಡಿ. ಐಸ್‌ಕ್ರೀಮ್ ಡಬ್ಬಿಯ ಮುಚ್ಚಳದ ಮೇಲೆ ಗೀಚಿ, ಒದ್ದೆ ಬ್ರಷ್ಷಿನಲ್ಲಿ ಎತ್ತಿಕೊಳ್ಳಿ. ಸದಾಶಿವಗಡದ ಗುಡ್ಡವನ್ನು ಕಾಳಿ ನದಿಯ ಆಚೆ ದಡದಿಂದ ನೋಡಿದಾಗ ಕಾಣುವ ಮಬ್ಬು ಹೀಗೇ ಬರುತ್ತದೆ. ಕೊಳ ಜಾಸ್ತಿ ಒದ್ದೆಯಾದರೆ ಆರುವಾಗ ಸುತ್ತ ಗಾಢ ಅಂಚು ಕಟ್ಟುತ್ತದೆ. ಮೇಜಿನ ಮೇಲೆ ಚೆಲ್ಲಿದ ಕಾಫಿ ಹನಿಗೂ ಇದೇ ಅಂಚು ಇರುತ್ತದೆ. ಶಿಕಾಗೊ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು 1997ರಲ್ಲಿ ಇದಕ್ಕೆ ವಿವರಣೆ ಕೊಟ್ಟರು. ಹನಿಯ ಅಂಚು ಇದ್ದಲ್ಲೇ ಕಚ್ಚಿಕೊಂಡಿರುತ್ತದೆ, ಅಲ್ಲಿ ನೀರು ಬೇಗ ಆರುತ್ತದೆ, ಆ ಕೊರತೆ ತುಂಬಲು ನಡುವಿನಿಂದ ನೀರು ಅಂಚಿಗೆ ಹರಿಯುತ್ತದೆ, ಬರುವಾಗ ಬಣ್ಣವನ್ನೂ ಹೊತ್ತು ತರುತ್ತದೆ. ಗುಡ್ಡದ ಸಾಲಿಗೆ ಈ ಅಂಚು ಚೆಂದ. ಆಕಾಶಕ್ಕೆ ಬೇಡ ಅಂದರೆ ಆರುವ ಮೊದಲೇ ಒಣ ಬ್ರಷ್ಷಿನಲ್ಲಿ ಅಂಚಿನ ನೀರು ಹೀರಿಸಿಬಿಡಿ.

ಆಲ್ಕೋಹಾಲ್ ಮಾರ್ಕರ್ ಬಗ್ಗೆಯೂ ಜನ ಕೇಳುತ್ತಾರೆ. ಅದು ಬೇಗ ಆರುತ್ತದೆ, ಕಾಗದದ ನಾರನ್ನು ಅಷ್ಟಾಗಿ ಉಬ್ಬಿಸೋದಿಲ್ಲ, ಬಣ್ಣ ನುಣ್ಣಗೆ ಬೆರೆಯುತ್ತದೆ. ಆದರೆ ಹಾಳೆಯ ಹಿಂಬದಿಗೂ ಇಳಿಯುತ್ತದೆ, ವಾಸನೆ ಇದೆ, ಬೆಲೆಯೂ ಇದೆ. ನನ್ನ ಸ್ಕೆಚ್‌ಬುಕ್ಕಿನ ಎರಡೂ ಬದಿ ನನಗೆ ಬೇಕು.

ಮಾಸುವುದು

ಡೈಯ ದೊಡ್ಡ ದೌರ್ಬಲ್ಯ ಬೆಳಕು. ಬಿಸಿಲಿನ, ಅದರಲ್ಲೂ ನೇರಳಾತ ಕಿರಣದ ಹೊಡೆತಕ್ಕೆ ಬಣ್ಣದ ಅಣು ಒಡೆಯುತ್ತದೆ, ಒಡೆದ ಮೇಲೆ ಅದಕ್ಕೆ ಬಣ್ಣ ಇಲ್ಲ. ಡೈಯಲ್ಲಿ ಒಂದೊಂದು ಅಣುವೂ ಬಿಡಿಬಿಡಿಯಾಗಿ ನಾರಿನ ಮೇಲೆ ಹರಡಿರುತ್ತದೆ, ಎಲ್ಲಕ್ಕೂ ಹೊಡೆತ ಬೀಳುತ್ತದೆ. ಪಿಗ್ಮೆಂಟಿನ ಕಣದಲ್ಲಿ ಅಣುಗಳು ಗುಂಪಾಗಿ ಇರುತ್ತವೆ, ಹೊರಗಿನವು ಪೆಟ್ಟು ತಿಂದರೂ ಒಳಗಿನವು ಉಳಿಯುತ್ತವೆ. ಮೊದಲು ಹೋಗುವುದು ಫ್ಲೋರೊಸೆಂಟ್ ಬಣ್ಣಗಳು, ಆ ಕಣ್ಣು ಕುಕ್ಕುವ ಗುಲಾಬಿ, ಹಳದಿ.

ಕೆಮ್ಮಣ್ಣಿನ ಕೆಂಪು ಅಂದರೆ ಕಬ್ಬಿಣದ ಆಕ್ಸೈಡ್. ಅದಕ್ಕೆ ಬಿಸಿಲಿನ ಭಯವೇ ಇಲ್ಲ. ಶಿರಸಿಯ ಮಾರಿಕಾಂಬಾ ದೇವಸ್ಥಾನದ ಕಾವಿ ಚಿತ್ರ ನೋಡಿದವರಿಗೆ ಆ ಕೆಂಪು ಗೊತ್ತು. ಬಿಳಿ ಸುಣ್ಣದ ಗಾರೆ, ಅದಕ್ಕೆ ಕೆಂಪು ಮಣ್ಣಿನ ಬಣ್ಣ, ಅದನ್ನು ಕೆರೆದು ತೆಗೆದ ಗೆರೆ. ಅಲ್ಲೂ ಬಣ್ಣ ಗೋಡೆಗೆ ಬಂದದ್ದು ನೀರಿನಲ್ಲೇ. ನೀರು ಹೋದ ಮೇಲೆ ಉಳಿದದ್ದು ಖನಿಜ, ಹಿಡಿದಿಟ್ಟದ್ದು ಸುಣ್ಣ. ಮಾರ್ಕರ್ ಸೆಟ್ಟಿನಲ್ಲಿ ಕಾವಿ ಕೆಂಪು, ಇಂಗಾಲದ ಕಪ್ಪು ಪಿಗ್ಮೆಂಟ್ ರೂಪದಲ್ಲಿ ಸಿಕ್ಕಿದರೆ ಅವನ್ನು ಕಣ್ಣುಮುಚ್ಚಿ ನಂಬಬಹುದು.

ಉಳಿದವನ್ನು ಪರೀಕ್ಷೆ ಮಾಡಿ. ಪ್ರತಿ ಪೆನ್ನಿನಲ್ಲಿ ಒಂದೊಂದು ಪಟ್ಟಿ ಎಳೆದು, ಅರ್ಧ ಭಾಗವನ್ನು ದಪ್ಪ ರಟ್ಟಿನಲ್ಲಿ ಮುಚ್ಚಿ, ಪಶ್ಚಿಮದ ಕಿಟಕಿಗೆ ಅಂಟಿಸಿ. ಏಪ್ರಿಲ್, ಮೇ ಕಳೆದ ಮೇಲೆ ರಟ್ಟು ತೆಗೆದರೆ ಯಾವ ಪೆನ್ನು ಯಾವ ಯೋಗ್ಯತೆಯದು ಅಂತ ಎದುರಿಗೇ ಇರುತ್ತದೆ. ಬಟ್ಟೆ, ಬಣ್ಣದ ಉದ್ಯಮದವರು ಇದೇ ಕೆಲಸವನ್ನು ನೀಲಿ ಉಣ್ಣೆಯ ಎಂಟು ಪಟ್ಟಿಗಳ ಜತೆ ಹೋಲಿಸಿ ಮಾಡುತ್ತಾರೆ. 1 ಅಂದರೆ ಬೇಗ ಮಾಸುವುದು, 8 ಅಂದರೆ ಗಟ್ಟಿ.

ಇಷ್ಟೆಲ್ಲ ಕೇಳಿ ‘ಇಂಕಿನ ಪೆನ್ನು ಮಕ್ಕಳ ಆಟ, ಅದರಲ್ಲಿ ಎಂತ ಚಿತ್ರ’ ಅನ್ನುವವರು ಇದ್ದಾರೆ. ಟಾಗೋರ್ ಬೀಚಿಗೆ ಆ ಹೆಸರು ಬಂದದ್ದು ರವೀಂದ್ರನಾಥ ಠಾಕೂರರು 1883ರಲ್ಲಿ ಇಲ್ಲಿ ಇದ್ದುದರಿಂದ. ಅಣ್ಣ ಸತ್ಯೇಂದ್ರನಾಥರು ಆಗ ಕಾರವಾರದಲ್ಲಿ ಜಡ್ಜ್. ಕವಿಗೆ ಆಗ ಇಪ್ಪತ್ತೆರಡರ ಹರೆಯ, ಚಿತ್ರದ ಗೀಳು ಹತ್ತಿದ್ದು ಅರುವತ್ತು ದಾಟಿದ ಮೇಲೆ. ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನು ಸುಮ್ನೆ ಗೀಚುತ್ತಾ ಜೋಡಿಸಿದ್ದೇ ಚಿತ್ರವಾಯಿತು, 1930ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶನವೂ ಆಯಿತು. ಅವರ ಕೈಯಲ್ಲಿ ಇದ್ದದ್ದು ಬಹುಪಾಲು ಪೆನ್ನು ಮತ್ತು ಬಣ್ಣದ ಇಂಕು.

ಡೈ ಚಿತ್ರ ಮುಗಿದ ದಿನವೇ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಫ್ರೇಮ್ ಹಾಕಿಸುವಾಗ ಗಾಜು ಹಾಳೆಗೆ ತಾಗದ ಹಾಗೆ ನಡುವೆ ಮೌಂಟ್ ಬೋರ್ಡ್ ಇರಲಿ, ಇಲ್ಲದಿದ್ದರೆ ಮಳೆಗಾಲದಲ್ಲಿ ಗಾಜಿಗೆ ಅಂಟಿಕೊಂಡು ಬೂಷ್ಟು ಹಿಡಿಯುತ್ತದೆ. ಬಿಸಿಲು ನೇರ ಬೀಳುವ ಗೋಡೆ ಬೇಡ. ವಾರ್ನಿಷ್ ಹಾಕುವುದಾದರೆ ಸ್ಪ್ರೇ ಮಾತ್ರ, ಅದೂ ತೆಳುತೆಳುವಾಗಿ ಎರಡು ಮೂರು ಸಲ. ಬ್ರಷ್ಷಿನಲ್ಲಿ ನೀರಿನ ವಾರ್ನಿಷ್ ಸವರಿದರೆ ಇಡೀ ಬಂದರು ಒಂದಾಗಿ ಕಲಸಿಹೋಗುತ್ತದೆ.

ಒಣಗಿದ ಪೆನ್ನು

ಸ್ಕೆಚ್ ಪೆನ್ ಒಣಗಿದಾಗ ಹಿಂಬದಿ ಬಿಚ್ಚಿ ನಾಲ್ಕು ಹನಿ ನೀರು ಬಿಡುವುದು ನಮ್ಮ ಶಾಲೆಗಳಲ್ಲಿ ಎಲ್ಲರಿಗೂ ಗೊತ್ತಿದ್ದ ವಿದ್ಯೆ. ಅದು ಕೆಲಸ ಮಾಡುವುದು ನಿಜ. ಕ್ಯಾಪ್ ಸಡಿಲಾಗಿ ಆವಿಯಾದದ್ದು ನೀರು ಮಾತ್ರ, ಡೈ ಬತ್ತಿಯಲ್ಲೇ ಕೂತಿರುತ್ತದೆ. ನೀರು ಬಿಟ್ಟು, ಕ್ಯಾಪ್ ಹಾಕಿ, ನಿಬ್ ಕೆಳಗೆ ಮಾಡಿ ಒಂದು ರಾತ್ರಿ ಇಟ್ಟರೆ ಮತ್ತೆ ಬರೆಯುತ್ತದೆ. ಆದರೆ ಬರೆದು ಬರೆದೇ ಖಾಲಿಯಾದ ಪೆನ್ನಿಗೆ ನೀರು ಹಾಕಿದರೆ ತಿಳಿನೀರೇ ಬರುತ್ತದೆ, ಅಲ್ಲಿ ಡೈಯೇ ಉಳಿದಿಲ್ಲ. ಆ ತಿಳಿನೀರಿನ ಪೆನ್ನನ್ನೂ ಎಸೆಯಬೇಡಿ. ಮಂಜಿಗೆ, ದೂರದ ದ್ವೀಪಕ್ಕೆ ಅದಕ್ಕಿಂತ ತೆಳು ಬೂದು ಅಂಗಡಿಯಲ್ಲಿ ಸಿಗೋದಿಲ್ಲ.

ಅಕ್ರಿಲಿಕ್ ಮಾರ್ಕರಿಗೆ ಈ ಉಪಾಯ ನಡೆಯೋದಿಲ್ಲ. ನಿಬ್ಬಿನಲ್ಲಿ ಬಣ್ಣ ಅರೆಬರೆ ಆರಿದ್ದರೆ ನಿಬ್ಬನ್ನು ಇಕ್ಕಳದಲ್ಲಿ ಮೆಲ್ಲಗೆ ಎಳೆದು ತೆಗೆದು, ಬೆಚ್ಚಗಿನ ನೀರಿನಲ್ಲಿ ನೆನೆಸಿ ಹಿಂಡಿ, ತಿರುಗಿಸಿ ಹಾಕಿ. ಹಲವು ಪೆನ್ನುಗಳ ನಿಬ್ಬಿಗೆ ಎರಡೂ ತುದಿ ಒಂದೇ ಥರ ಇರುತ್ತದೆ. ಪೂರ್ತಿ ಗಟ್ಟಿಯಾಗಿದ್ದರೆ ಅದು ಈಗ ಪ್ಲಾಸ್ಟಿಕ್, ನೀರಿನ ಮಾತು ಕೇಳೋದಿಲ್ಲ. ಬಿಡಿ ನಿಬ್ ಸಿಗುವ ಪೆನ್ನಾದರೆ ಹೊಸ ನಿಬ್ ಹಾಕಿ, ಟ್ಯಾಂಕಿನಲ್ಲಿ ಬಣ್ಣ ಇನ್ನೂ ಕುಲುಕುತ್ತಿದ್ದರೆ ಪೆನ್ನು ಉಳಿಯುತ್ತದೆ. ಕುಲುಕಿದಾಗ ಗುಂಡಿನ ಸದ್ದೇ ಬರದಿದ್ದರೆ ಹೊಸದು ತನ್ನಿ.